ಮೊದಲು ದಾಖಲೆ, ಆಮೇಲೆ ಅನುದಾನ: ಕುದ್ರೋಳಿಯ ನೀರು ಮತ್ತು ಚರಿತ್ರೆಗೆ ಸರ್ಕಾರಿ ಹಣದ ದಾರಿ

ಕುದ್ರೋಳಿಯಲ್ಲಿ ನೀರನ್ನೂ ಚರಿತ್ರೆಯನ್ನೂ ಬೇರೆಬೇರೆಯಾಗಿ ನೋಡುವುದು ಕಷ್ಟ. ಪಡುಗಡೆ ಫಲ್ಗುಣಿ ನದಿ ಅಳಿವೆಯತ್ತ ಸಾಗುತ್ತದೆ. ನದಿಯೊಳಗೆ ಬರುವ ಹಡಗುಗಳ ಮೇಲೆ ಕಣ್ಣಿಡಲು ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ ಪಕ್ಕದ ಬೋಳೂರಿನಲ್ಲಿದೆ. ತಮಗೆ ಗುಡಿಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಬಿಲ್ಲವ ಸಮಾಜದ ಮುಂದಾಳುಗಳು ಕೇರಳದಿಂದ ನಾರಾಯಣ ಗುರುಗಳನ್ನು ಕರೆಸಿಕೊಂಡರು. 1912ರಲ್ಲಿ ಅವರು ಪ್ರತಿಷ್ಠೆ ಮಾಡಿದ ಗೋಕರ್ಣನಾಥೇಶ್ವರ ಕ್ಷೇತ್ರ ಇಲ್ಲೇ ಇದೆ, ಮಂಗಳೂರು ದಸರಾದ ಶಾರದೆ ಮತ್ತು ನವದುರ್ಗೆಯರ ಮೂರ್ತಿಗಳು ವಿಸರ್ಜನೆಯಾಗುವುದೂ ಇದೇ ಕ್ಷೇತ್ರದ ಪುಷ್ಕರಿಣಿಯಲ್ಲಿ. ಇದೇ ಪರಿಸರದಲ್ಲಿ ಭಗವತೀ ಕ್ಷೇತ್ರವಿದೆ, ಜಾಮಿಯಾ ಮಸೀದಿಯಿದೆ, ಪಾಲಿಕೆಯ ಕಸಾಯಿಖಾನೆಯಿದೆ, ಒಳಚರಂಡಿ ನೀರನ್ನು ಮೇಲಕ್ಕೆತ್ತುವ ವೆಟ್‌ವೆಲ್ ಇದೆ. ಇವುಗಳ ನಡುವೆ ಮನೆ ಬಾವಿಗಳಿವೆ. ಇಲ್ಲಿ ಏನನ್ನಾದರೂ ಉಳಿಸಲು ಹೊರಟ ಸಂಘ ಸಾಮಾನ್ಯವಾಗಿ ಮೊದಲು ಕೇಳುವುದು, ‘ಹಣ ಯಾವ ಇಲಾಖೆಯಲ್ಲಿ ಸಿಗುತ್ತದೆ?’ ಎಂದು. ಅದು ಎರಡನೆಯ ಪ್ರಶ್ನೆಯಾಗಬೇಕು. ಇಂಥ ಕೆಲಸಕ್ಕೆ ಹಣವಿಟ್ಟ ಯೋಜನೆಗಳು ಹಲವು ಇವೆ. ಆ ಹಣ ನಿಮ್ಮ ಬೀದಿಗೇ ಯಾಕೆ ಬರಬೇಕು ಎಂದು ತೋರಿಸುವ ಕಾಗದ ಮಾತ್ರ ಹೆಚ್ಚಿನ ಕಡೆ ಇರುವುದಿಲ್ಲ. ಆದ್ದರಿಂದ ಸಂಘದ ಮೊದಲ ವರ್ಷದ ದುಡಿಮೆ ದಾಖಲೆಗೆ ಮೀಸಲಾಗಬೇಕು, ಅನುದಾನದ ಅರ್ಜಿ ಅದರ ಹಿಂದೆ ಹೋಗಬೇಕು ಎಂಬುದು ಈ ಲೇಖನದ ವಾದ.

ಬೇರೆ ಕಡೆ ನೀರು ಮತ್ತು ಚರಿತ್ರೆಯ ಕೆಲಸ ಎರಡೂ ಒಂದೇ ಚೀಲದಿಂದ ನಡೆಯುವುದುಂಟು. ಅಮೆರಿಕದ ಮಿನ್ನೆಸೋಟ ರಾಜ್ಯದ ಮತದಾರರು 2008ರಲ್ಲಿ ತಮ್ಮ ರಾಜ್ಯ ಸಂವಿಧಾನಕ್ಕೇ ತಿದ್ದುಪಡಿ ತಂದು, ಮಾರಾಟ ತೆರಿಗೆಯನ್ನು ಶೇ 1ರ ಎಂಟನೇ ಮೂರು ಭಾಗದಷ್ಟು ಏರಿಸಿಕೊಂಡರು. ಹೀಗೆ ಬಂದ ಹಣದಲ್ಲಿ ಶೇ 33 ಶುದ್ಧ ನೀರಿಗೆ, ಶೇ 19.75 ಕಲೆ ಮತ್ತು ಸಾಂಸ್ಕೃತಿಕ ಪರಂಪರೆಗೆ; ಉಳಿದದ್ದು ವನ್ಯಜೀವಿ ನೆಲೆಗಳಿಗೆ ಮತ್ತು ಉದ್ಯಾನಗಳಿಗೆ. 2034ರವರೆಗೆ ಈ ವ್ಯವಸ್ಥೆ ನಡೆಯುತ್ತದೆ. ನಮ್ಮಲ್ಲಿ ಅಂಥ ಒಂದೇ ನಿಧಿ ಇಲ್ಲ. ನೀರು ನಗರಾಭಿವೃದ್ಧಿ ಇಲಾಖೆಯ ಪಾಲು, ಸ್ಮಾರಕ ಪುರಾತತ್ವ ಇಲಾಖೆಯ ಪಾಲು, ಭಾಷೆ ಮತ್ತು ಮೌಖಿಕ ಪರಂಪರೆ ಅಕಾಡೆಮಿಗಳ ಪಾಲು, ನದಿದಡ ಕರಾವಳಿ ವಲಯ ಪ್ರಾಧಿಕಾರದ ಪಾಲು. ಆದರೂ ಎರಡನ್ನೂ ಕೂಡಿಸುವ ಒಂದು ಜಾಗವಿದೆ. 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 12ನೇ ಅನುಸೂಚಿಯ 18 ವಿಷಯಗಳಲ್ಲಿ ನೀರು ಸರಬರಾಜು, ನೈರ್ಮಲ್ಯ, ಪರಿಸರ ರಕ್ಷಣೆಯ ಜೊತೆಗೇ ಸಾಂಸ್ಕೃತಿಕ ಅಂಶಗಳ ಉತ್ತೇಜನವೂ ಇದೆ. ಹಾಗಾಗಿ ಮಂಗಳೂರು ಮಹಾನಗರ ಪಾಲಿಕೆಯ ಮುಂದೆ ಕುದ್ರೋಳಿಯ ನೀರು ಮತ್ತು ಚರಿತ್ರೆಯನ್ನು ಒಟ್ಟಿಗೆ ಇಟ್ಟು ಮಾತಾಡಬಹುದು. ಮಾತು ಒಂದೇ ಆಗಿರಲಿ. ಕಡತ ಮಾತ್ರ ಎರಡಾಗಿರಲಿ.

ನೀರಿನ ಕಡತ

ನಗರದ ನೀರಿಗೆ ಕೇಂದ್ರದ ಹಣ ಬರುವ ದೊಡ್ಡ ದಾರಿಗಳನ್ನು ಮೊದಲು ನೋಡೋಣ. 2021ರ ಅಕ್ಟೋಬರ್ 1ರಂದು ಆರಂಭವಾದ ಅಮೃತ್ 2.0 ಯೋಜನೆಯಲ್ಲಿ ಕುಡಿಯುವ ನೀರು ಮತ್ತು ಒಳಚರಂಡಿಯ ಜೊತೆಗೆ ಜಲಮೂಲಗಳ ಪುನಶ್ಚೇತನಕ್ಕೂ ಜಾಗ ಸಿಕ್ಕಿತು. 1 ಲಕ್ಷದಿಂದ 10 ಲಕ್ಷ ಜನಸಂಖ್ಯೆಯ ನಗರಗಳಿಗೆ ಕೇಂದ್ರ ಮೂರನೇ ಒಂದು ಪಾಲು ಕೊಡುತ್ತದೆ, ಉಳಿದದ್ದನ್ನು ರಾಜ್ಯ ಮತ್ತು ಸ್ಥಳೀಯ ಸಂಸ್ಥೆ ಹೊಂದಿಸಬೇಕು. ಮಂಗಳೂರು ಈ ಗುಂಪಿಗೆ ಸೇರುತ್ತದೆ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ 10 ಲಕ್ಷಕ್ಕಿಂತ ಚಿಕ್ಕ ನಗರಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಷರತ್ತುಬದ್ಧವಾಗಿತ್ತು: ಅದರಲ್ಲಿ ಅರ್ಧ ನೈರ್ಮಲ್ಯ ಮತ್ತು ಘನತ್ಯಾಜ್ಯಕ್ಕೆ, ಇನ್ನರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೆ. ರಾಜ್ಯದ ಮಟ್ಟದಲ್ಲಿ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರವಿದೆ. ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಮುಡಾ, ಕೆರೆ ಅಭಿವೃದ್ಧಿಗೆಂದು ಸಂಗ್ರಹಿಸುವ ಶುಲ್ಕವಿದೆ. ಸಣ್ಣ ಕಾಮಗಾರಿಗೆ ಶಾಸಕರ ವರ್ಷಕ್ಕೆ 2 ಕೋಟಿ ರೂಪಾಯಿಯ ಮತ್ತು ಸಂಸದರ ವರ್ಷಕ್ಕೆ 5 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿಗಳಿವೆ. ಈ ಯಾವ ಹಣವೂ ನೇರವಾಗಿ ಸಂಘದ ಬ್ಯಾಂಕ್ ಖಾತೆಗೆ ಬೀಳುವುದಿಲ್ಲ. ಪಾಲಿಕೆಯೋ ಪ್ರಾಧಿಕಾರವೋ ಜಿಲ್ಲಾಡಳಿತವೋ ಸಮಗ್ರ ಯೋಜನಾ ವರದಿ ಮಾಡಿಸಿ, ಟೆಂಡರ್ ಕರೆದು ಖರ್ಚು ಮಾಡುತ್ತದೆ. ಆದ್ದರಿಂದ ‘ನಮಗೆ ಹಣ ಕೊಡಿ’ ಎಂಬ ಮನವಿಗಿಂತ ‘ನಿಮ್ಮ ಕ್ರಿಯಾಯೋಜನೆಯಲ್ಲಿ ಈ ಕೆಲಸ ಸೇರಿಸಿ, ಕಾರಣ ಇಲ್ಲಿದೆ’ ಎಂಬ ಪತ್ರಕ್ಕೆ ಹೆಚ್ಚು ಬೆಲೆ. ಯೋಜನೆಯ ಹೆಸರಿಗೆ ತಕ್ಕಂತೆ ಕಡತ ಕಟ್ಟುವುದೂ ಸರಿಯಲ್ಲ. ಮಂಗಳೂರಿನ ನದಿದಡಕ್ಕೆ ಹಣ ತಂದ ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು. ಯೋಜನೆಗಳು ಬಂದು ಹೋಗುತ್ತವೆ. ಐದು ವರ್ಷದ ನೀರಿನ ಪರೀಕ್ಷಾ ವರದಿ ಮುಂದಿನ ಯೋಜನೆಗೂ ಸಲ್ಲುತ್ತದೆ.

ಹಾಗಾದರೆ ಕಡತದಲ್ಲಿ ಏನಿರಬೇಕು? ಮೊದಲು ಜಾಗ ಯಾರದ್ದು ಎಂಬ ಕಾಗದ. 2014ರ ಕೆರೆ ಸಂರಕ್ಷಣಾ ಕಾಯ್ದೆ ಕಂದಾಯ ದಾಖಲೆಯಲ್ಲಿ ಸರ್ಕಾರಿ ಕೆರೆ, ಖರಾಬು ಕೆರೆ, ಕುಂಟೆ, ಕಟ್ಟೆ ಎಂದೆಲ್ಲ ನಮೂದಾದ ಜಾಗವನ್ನು, ಅದರಲ್ಲಿ ನೀರಿರಲಿ ಇಲ್ಲದಿರಲಿ, ಕೆರೆಯೆಂದೇ ಪರಿಗಣಿಸುತ್ತದೆ. ರಾಜಕಾಲುವೆ, ಏರಿ, ತೂಬುಗಳೂ ಅದರೊಳಗೆ ಬರುತ್ತವೆ. ಆದ್ದರಿಂದ ಪಹಣಿ, ಸರ್ವೆ ನಕ್ಷೆ, ನಗರದಲ್ಲಾದರೆ ಆಸ್ತಿ ಕಾರ್ಡು, ಇವುಗಳ ಪ್ರತಿ ಮೊದಲ ಹಾಳೆಯಾಗಬೇಕು. ಜಾಗ ಧಾರ್ಮಿಕ ಸಂಸ್ಥೆಯದ್ದಾದರೆ ದಾರಿ ಬೇರೆ. ಸಂಸದರ ನಿಧಿಯ ನಿಯಮ ಪೂಜಾಸ್ಥಳದೊಳಗೆ ಮತ್ತು ಧಾರ್ಮಿಕ ಸಂಸ್ಥೆಯ ಜಾಗದಲ್ಲಿ ಕಾಮಗಾರಿಗೆ ಅವಕಾಶ ಕೊಡುವುದಿಲ್ಲ. ಆದರೆ ಆವರಣದ ಹೊರಗಿನ ತೋಡು, ಮಳೆನೀರು ಚರಂಡಿ, ಒಳಚರಂಡಿ ಕೊಳವೆ ಸಾರ್ವಜನಿಕ ಆಸ್ತಿ. ಹೊರಗಿನಿಂದ ಕೊಳಕು ಬರುತ್ತಿದ್ದರೆ ಸರಿಪಡಿಸಬೇಕಾದದ್ದು ಪಾಲಿಕೆಯೇ, ಅದಕ್ಕೆ ಹಣವೂ ಸಿಗುತ್ತದೆ. ಖಾಸಗಿ ಬಾವಿಗೂ ಇದೇ ಮಾತು: ಬಾವಿ ರಿಪೇರಿಗೆ ಸರ್ಕಾರದ ಹಣ ಬರದಿರಬಹುದು, ಆದರೆ ಇಡೀ ಓಣಿಯ ಬಾವಿಗಳು ಕೆಟ್ಟಿವೆ ಎಂಬ ನಕ್ಷೆ ಒಳಚರಂಡಿ ಕೊಳವೆ ಬದಲಿಸಲು ಸಾಕಾದ ಕಾರಣವಾಗುತ್ತದೆ.

ಎರಡನೆಯದು ಪರೀಕ್ಷಾ ವರದಿ. ‘ನೀರು ವಾಸನೆ ಬರುತ್ತದೆ’ ಎಂಬ ದೂರಿನ ಮೇಲೆ ಯಾವ ಎಂಜಿನಿಯರೂ ಅಂದಾಜುಪಟ್ಟಿ ಮಾಡಲಾರ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500:2012 ಅಳತೆಗೋಲು. ಅದರಂತೆ 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ ಒಂದೂ ಕಾಣಬಾರದು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಕ್ಲೋರೈಡ್ 250 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1,000ದವರೆಗೆ ಸಹಿಸಬಹುದು. ಸ್ನಾನದ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಟ್ಟ ಬೇರೆ: ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂಗಿಂತ ಕಡಿಮೆಯಾಗಬಾರದು, ಬಿಒಡಿ (ಕೊಳಕನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) 3 ಮಿಲಿಗ್ರಾಂ ಮೀರಬಾರದು. ಕುದ್ರೋಳಿಯಲ್ಲಿ ಈ ಅಂಕಿಗಳು ಬೇರೆಬೇರೆ ಕಾರಣ ಹೇಳುತ್ತವೆ. ಮೇ ತಿಂಗಳಲ್ಲಿ ಬಾವಿಯ ಕ್ಲೋರೈಡ್ ಏರಿದರೆ ಅಳಿವೆಯ ಉಪ್ಪುನೀರು ಒಳನುಗ್ಗಿದ ಶಂಕೆ. ಮಳೆಗಾಲದಲ್ಲಿ ಇ. ಕೋಲಿ ಮತ್ತು ನೈಟ್ರೇಟ್ ಏರಿದರೆ ಒಳಚರಂಡಿಯೋ ಶೌಚಗುಂಡಿಯೋ ಸೋರುತ್ತಿರುವ ಶಂಕೆ. ರಂಧ್ರಗಳಿಂದ ತುಂಬಿದ ಮುರಕಲ್ಲಿನ ನೆಲ ಕೊಳಕು ನೀರನ್ನು ಸೋಸದೆಯೇ ಬೇಗ ಹಾಯಿಸಿಬಿಡುತ್ತದೆ. ಹಾಗಾಗಿ ಒಂದು ಪರೀಕ್ಷೆ ಸಾಲದು. ಮೇ, ಜುಲೈ, ನವೆಂಬರ್ ಹೀಗೆ ಮೂರು ಸಲ, ಅದೇ ಬಾವಿಗಳಿಂದ, ತೋಡಿನಿಂದಾದರೆ ಉಬ್ಬರವೋ ಇಳಿತವೋ ಎಂದು ಬರೆದುಕೊಂಡು, ಕ್ರಿಮಿಶುದ್ಧ ಬಾಟಲಿಯಲ್ಲಿ ಹಿಡಿದು ತಂಪಿನಲ್ಲಿಟ್ಟು ಅದೇ ದಿನ ಪ್ರಯೋಗಾಲಯ ಮುಟ್ಟಿಸಬೇಕು. ದಸರಾ ವಿಸರ್ಜನೆಯ ಮುಂಚೆ ಮತ್ತು ನಂತರದ ಮಾದರಿ ಬೇಕಿದ್ದರೆ ಕ್ಷೇತ್ರದ ಆಡಳಿತದ ಒಪ್ಪಿಗೆ ಪಡೆದೇ ತೆಗೆಯಬೇಕು. ನಿಯಂತ್ರಣದ ಹೊಣೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು, ಅದರ ಪ್ರಾದೇಶಿಕ ಕಚೇರಿ ಬೈಕಂಪಾಡಿಯಲ್ಲಿದೆ; ವಿಷಯ ಬಲ್ಲ ಅಧ್ಯಾಪಕರು ಮೀನುಗಾರಿಕಾ ಕಾಲೇಜಿನಲ್ಲೂ ಸುರತ್ಕಲ್ಲಿನ ಎನ್‌ಐಟಿಕೆಯಲ್ಲೂ ಸಿಗುತ್ತಾರೆ. ಕಾಲೇಜಿನ ವಿಭಾಗವೊಂದು ಜೊತೆಗಿದ್ದರೆ ವಿದ್ಯಾರ್ಥಿಗಳ ಯೋಜನಾಕಾರ್ಯವಾಗಿ ಕೆಲಸ ಸಾಗುತ್ತದೆ, ವರದಿಗೂ ತೂಕ ಬರುತ್ತದೆ.

ಈ ಶ್ರಮ ಯಾಕೆ ಎಂಬುದಕ್ಕೆ ಇದೇ ನಗರದ ಗುಜ್ಜರಕೆರೆ ಉದಾಹರಣೆ. ಮಂಗಳಾದೇವಿ ಪರಿಸರದ ಈ ಪುರಾತನ ಕೆರೆಗೆ ಸಾರ್ವಜನಿಕ ಹಣ ಒಂದಕ್ಕಿಂತ ಹೆಚ್ಚು ಸಲ ಬಂತು. ಹೂಳು ತೆಗೆದರು, ದಡ ಕಟ್ಟಿದರು, ನಡೆದಾಡುವ ದಾರಿ ಮಾಡಿದರು. ಆದರೆ ಒಳಚರಂಡಿಯ ಕೊಳಕು ಕೆರೆಗೆ ಸೇರುತ್ತಿದೆ ಎಂಬ ನಿವಾಸಿಗಳ ದೂರು ಅಭಿವೃದ್ಧಿಯ ಬಳಿಕವೂ ನಿಲ್ಲಲಿಲ್ಲ. ಹೀಗಾಗುವುದು ಹಣದ ಕೊರತೆಯಿಂದಲ್ಲ, ಕೆಲಸದ ಕ್ರಮ ತಪ್ಪುವುದರಿಂದ. ದಡದ ಕಲ್ಲಿಗೂ ದೀಪದ ಕಂಬಕ್ಕೂ ದರಪಟ್ಟಿ ಸಿದ್ಧವಿರುತ್ತದೆ, ಬಿಲ್ಲು ಬರೆಯುವುದು ಸುಲಭ. ಕೊಳಕಿನ ಮೂಲ ಹುಡುಕಲು ಒಂದೊಂದೇ ಮ್ಯಾನ್‌ಹೋಲ್ ತೆರೆದು ನೋಡಬೇಕು. ಆದ್ದರಿಂದ ಕುದ್ರೋಳಿಯ ಯಾವ ನೀರಿನ ಪ್ರಸ್ತಾವದಲ್ಲೂ ಮೊದಲ ಬೇಡಿಕೆ ಮೂಲ ತಡೆಯುವುದಾಗಿರಲಿ, ಸೌಂದರ್ಯೀಕರಣ ಕೊನೆಯ ಸಾಲಿಗೆ ಹೋಗಲಿ. ಕಾಮಗಾರಿಯ ಅಂತಿಮ ಬಿಲ್ಲಿಗೆ ಮುಂಚೆ ನೀರಿನ ಪರೀಕ್ಷೆ ಆಗಬೇಕು ಎಂಬ ಷರತ್ತನ್ನೂ ಪ್ರಸ್ತಾವದಲ್ಲೇ ಬರೆಯಿರಿ.

ಚರಿತ್ರೆಯ ಕಡತ

ಚರಿತ್ರೆಗೆ ಹಣ ಕೇಳುವಾಗ ಮೊದಲು ವಿಂಗಡಿಸಬೇಕಾದದ್ದು ಕಟ್ಟಡ, ಕಾಗದ, ಕಥನ ಎಂಬ ಮೂರನ್ನು. ಕಟ್ಟಡಗಳಲ್ಲಿ ಸುಲ್ತಾನ್ ಬತ್ತೇರಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಅಲ್ಲಿ ಸಂಘವಾಗಲಿ ಪಾಲಿಕೆಯಾಗಲಿ ತನ್ನ ಇಷ್ಟದಂತೆ ಒಂದು ಕಲ್ಲನ್ನೂ ಇಡುವಂತಿಲ್ಲ. 1958ರ ಪುರಾತನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ವಲಯ. ಸುತ್ತಲಿನವರು ಮಾಡಬಹುದಾದದ್ದು ಸ್ವಚ್ಛತೆ, ಮಾಹಿತಿಫಲಕ, ನಡಿಗೆ ಕಾರ್ಯಕ್ರಮದಂಥ ಕೆಲಸ. ಅದಕ್ಕೆ ಹಣ ಹೊಂದಿಸಲು 1996ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಕೃತಿ ನಿಧಿಯಂಥ ದಾರಿಗಳಿವೆ. ಸಂರಕ್ಷಿತ ಪಟ್ಟಿಯಲ್ಲಿಲ್ಲದ ಹಳೆಯ ಗುಡಿಗಳಿಗೆ ಈ ಜಿಲ್ಲೆಯಲ್ಲೇ ಹುಟ್ಟಿದ ಒಂದು ಮಾದರಿಯಿದೆ. 1991ರಲ್ಲಿ ಆರಂಭವಾದ ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ರಾಜ್ಯ ಪುರಾತತ್ವ ಇಲಾಖೆಯೊಡನೆ ಸೇರಿ ಜೀರ್ಣೋದ್ಧಾರ ಮಾಡುವಾಗ ವೆಚ್ಚದ ಶೇ 40 ಸರ್ಕಾರದ್ದು, ಶೇ 40 ಟ್ರಸ್ಟಿನದು, ಶೇ 20 ಊರಿನವರದು. ಈ ಶೇ 20ರಲ್ಲಿ ಒಂದು ಸೂಕ್ಷ್ಮವಿದೆ. ಊರಿನ ಹಣ ಹೂಡಿಕೆಯಾದ ಕಡೆ ಊರಿನ ಕಣ್ಣೂ ಇರುತ್ತದೆ. ಕೊಡುವ ಇಲಾಖೆಗೂ ಅದೇ ಬೇಕು. ಪ್ರಸ್ತಾವದಲ್ಲಿ ನಿಮ್ಮ ಪಾಲು ಎಷ್ಟು ಎಂದು, ಹಣದ ರೂಪದಲ್ಲೋ ಶ್ರಮದ ರೂಪದಲ್ಲೋ, ಮೊದಲೇ ಹೇಳಿದರೆ ಅರ್ಜಿಯ ಬಲ ಹೆಚ್ಚುತ್ತದೆ.

ಕಾಗದ ಮತ್ತು ಕಥನಕ್ಕೆ ಬೇಕಾಗುವ ಹಣ ಕಡಿಮೆ, ಸಿಗುವ ಸಾಧ್ಯತೆ ಹೆಚ್ಚು, ಕುದ್ರೋಳಿಯಲ್ಲಿ ತುರ್ತೂ ಅದಕ್ಕೇ ಹೆಚ್ಚು. ನದಿಯಲ್ಲಿ ಬಲೆ ಬೀಸಿದ ಮೊಗವೀರರು, ಮರುವಾಯಿ ಹೆಕ್ಕಿದ ಹೆಂಗಸರು, ಬಂದರಿನ ವ್ಯಾಪಾರಕ್ಕೆ ನಿಂತ ಬ್ಯಾರಿ ಮನೆತನಗಳು, ಗೋಕರ್ಣನಾಥ ಕ್ಷೇತ್ರ ಕಟ್ಟಿದವರ ಮೊಮ್ಮಕ್ಕಳು ಇವರ ನೆನಪು ತುಳು, ಬ್ಯಾರಿ, ಕೊಂಕಣಿ, ಕನ್ನಡಗಳಲ್ಲಿ ಹರಡಿದೆ. ತುಳು, ಬ್ಯಾರಿ, ಕೊಂಕಣಿ ಮೂರಕ್ಕೂ ರಾಜ್ಯದ ಸಾಹಿತ್ಯ ಅಕಾಡೆಮಿಗಳಿವೆ, ಮೂರೂ ಮಂಗಳೂರಿನಲ್ಲೇ ಇವೆ. ದಾಖಲೀಕರಣ, ಪ್ರಕಟಣೆ, ಕಮ್ಮಟಗಳ ಪ್ರಸ್ತಾವವನ್ನು ಅಲ್ಲಿಗೆ ಒಯ್ಯಬಹುದು. ಹಳೆಯ ಹಸ್ತಪ್ರತಿ, ಅಪರೂಪದ ಪುಸ್ತಕ ಇದ್ದರೆ ಅವುಗಳ ಸಂರಕ್ಷಣೆಗೆ ಸಂಸ್ಥೆಗಳಿಗೆ ನೆರವು ಕೊಡುವ ಯೋಜನೆ ರಾಷ್ಟ್ರೀಯ ಪತ್ರಾಗಾರದಲ್ಲಿದೆ. 2025ರ ಕೇಂದ್ರ ಬಜೆಟ್ಟಿನಲ್ಲಿ ಹಸ್ತಪ್ರತಿಗಳಿಗಾಗಿ ಜ್ಞಾನ ಭಾರತಂ ಮಿಷನ್ ಘೋಷಣೆಯಾಯಿತು. ಮಾದರಿಗೆ ದೂರ ಹೋಗಬೇಕಾಗಿಲ್ಲ: ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ, ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಹೇಗೆ ಸಂಗ್ರಹಿಸಿವೆ ಎಂದು ನೋಡಿ ಬಂದರೆ ಸಾಕು. ಪರಂಪರೆಯ ಸಂರಕ್ಷಣೆಗೆ ದುಡಿಯುವ ಸಂಸ್ಥೆಯಾದ ಇಂಟ್ಯಾಕ್‌ನ ಮಂಗಳೂರು ಘಟಕವಿದೆ. ಬಿಜೈಯ ಶ್ರೀಮಂತಿಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ ಪುರಾತತ್ವ ಇಲಾಖೆಯನ್ನು ತಲುಪಲು ಹತ್ತಿರದ ಬಾಗಿಲು. ಬಾಸೆಲ್ ಮಿಷನ್ ಪತ್ರಾಗಾರದ ಹಳೆಯ ಮಂಗಳೂರಿನ ಚಿತ್ರಗಳು, ನಕ್ಷೆಗಳು ಅಂತರಜಾಲದಲ್ಲೇ ನೋಡಸಿಗುತ್ತವೆ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆದಾಗ ಅದಕ್ಕೆ ಆಧಾರವಾದದ್ದು ನೇತ್ರಾವತಿ ಮತ್ತು ಗುರುಪುರ ನದಿಗಳ ದಡದ ಜೇಡಿ. ಗುರುಪುರ ನದಿ ಎಂದರೆ ಇದೇ ಫಲ್ಗುಣಿ. ಅಂದರೆ ಇಲ್ಲಿನ ಉದ್ಯಮದ ಚರಿತ್ರೆ ಬರೆಯಲು ಕೂತವರು ನದಿಯ ಚರಿತ್ರೆಯನ್ನೂ ಬರೆಯಲೇಬೇಕು.

ಎರಡೂ ಕಡತ ಒಟ್ಟಿಗೆ ಕೂರುವ ಇನ್ನೊಂದು ದಾರಿ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿ, ಅಂದರೆ ಸಿಎಸ್‌ಆರ್. ಇದು ಸರ್ಕಾರದ ಹಣವಲ್ಲ, ಆದರೆ ಕಾನೂನಿನಂತೆ ಸಾರ್ವಜನಿಕ ಕೆಲಸಕ್ಕೆ ಹೋಗಬೇಕಾದ ಹಣ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2 ಖರ್ಚು ಮಾಡಬೇಕು. ಕಾಯ್ದೆಯ 7ನೇ ಅನುಸೂಚಿಯಲ್ಲಿ ನೀರಿನ ಗುಣಮಟ್ಟ ಕಾಪಾಡುವುದೂ ಐತಿಹಾಸಿಕ ಮಹತ್ವದ ಕಟ್ಟಡ, ತಾಣಗಳ ಜೀರ್ಣೋದ್ಧಾರವೂ ಒಂದರ ಕೆಳಗೊಂದು ಇವೆ. ಎಂಆರ್‌ಪಿಎಲ್, ಕರ್ಣಾಟಕ ಬ್ಯಾಂಕ್‌ನಂಥ ದೊಡ್ಡ ಸಂಸ್ಥೆಗಳು ಇದೇ ನಗರದಲ್ಲಿವೆ. ಇಲ್ಲಿ ಹಣ ಸಂಘದ ಖಾತೆಗೇ ಬರಬಹುದು, ಆದ್ದರಿಂದ ಅರ್ಹತೆಯೂ ಬಿಗಿ: ನೋಂದಣಿ, ಆದಾಯ ತೆರಿಗೆಯ 12ಎ ಮತ್ತು 80ಜಿ ಮಾನ್ಯತೆ, 2021ರ ಏಪ್ರಿಲ್‌ನಿಂದ ಕಡ್ಡಾಯವಾದ ಸಿಎಸ್‌ಆರ್–1 ನೋಂದಣಿ, ಅಂಥ ಕೆಲಸದಲ್ಲಿ ಮೂರು ವರ್ಷದ ಅನುಭವ. ಹೊಸ ಸಂಘಕ್ಕೆ ಇದು ಸಾಧ್ಯವಿಲ್ಲದಿದ್ದರೆ ಅರ್ಹತೆಯುಳ್ಳ ಸಂಸ್ಥೆಯೊಂದರ ಜೊತೆ ಲಿಖಿತ ಒಪ್ಪಂದ ಮಾಡಿಕೊಂಡು ಕೆಲಸ ಆರಂಭಿಸುವುದು ಒಳ್ಳೆಯದು.

ಎದುರು ಮಾತುಗಳು

ಇದಿಷ್ಟಕ್ಕೆ ಬರುವ ಮೊದಲ ಆಕ್ಷೇಪ: ತೆರಿಗೆ ಕಟ್ಟುವವರೂ ನಾವೇ, ಪರೀಕ್ಷೆ ಮಾಡಿಸುವವರೂ ನಾವೇ ಆದರೆ ಸರ್ಕಾರ ಯಾಕೆ? ನ್ಯಾಯವಾದ ಪ್ರಶ್ನೆ. ಪರೀಕ್ಷೆ ಇಲಾಖೆಯ ಕರ್ತವ್ಯವೇ. ಆದರೆ ಇಲಾಖೆಗೆ ಇಡೀ ಊರು ಒಂದು ಅಂಕಿ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕರ್ನಾಟಕದ 17 ಕಲುಷಿತ ನದಿಪಾತ್ರಗಳನ್ನು ಪಟ್ಟಿ ಮಾಡಿದಾಗ ನೇತ್ರಾವತಿಯ ಹೆಸರೂ ಅದರಲ್ಲಿತ್ತು, ಆದರೆ ಅಂಥ ಪಟ್ಟಿಯಿಂದ ಕುದ್ರೋಳಿಯ ಯಾವ ಓಣಿಯ ಕೊಳವೆ ಒಡೆದಿದೆ ಎಂದು ತಿಳಿಯುವುದಿಲ್ಲ. ಆ ಸೂಕ್ಷ್ಮ ಮಾಹಿತಿ ಅಲ್ಲಿ ವಾಸಿಸುವವರಿಗೇ ಸುಲಭ. ಇಲಾಖೆಯ ಹೊಣೆಯನ್ನು ಬಿಟ್ಟುಕೊಡಬೇಕೆಂದೂ ಅಲ್ಲ. ಪಾಲಿಕೆಯೂ ಮಂಡಳಿಯೂ ಈಗಾಗಲೇ ಮಾಡಿಸಿದ ಪರೀಕ್ಷೆಗಳ ವರದಿಯನ್ನು ಮಾಹಿತಿ ಹಕ್ಕಿನಡಿ ಕೇಳಿರಿ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ನಿಮ್ಮ ವರದಿ ಮತ್ತು ಅವರ ವರದಿ ಅಕ್ಕಪಕ್ಕ ಇಟ್ಟರೆ ಹೊಣೆ ತಾನಾಗಿ ಮೇಜಿನ ಮೇಲೆ ಬರುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಟಿಪ್ಪುವಿನ ಬತ್ತೇರಿ, ನಾರಾಯಣ ಗುರುಗಳ ಕ್ಷೇತ್ರ, ಮಸೀದಿ, ಕಸಾಯಿಖಾನೆ ಒಂದೇ ಕಡೆ ಇರುವಲ್ಲಿ ಚರಿತ್ರೆಯ ಮಾತೆತ್ತಿದರೆ ಜಗಳವಲ್ಲದೆ ಇನ್ನೇನು ಎನ್ನುವವರಿದ್ದಾರೆ. 2018ರಲ್ಲಿ ಕಸಾಯಿಖಾನೆಯನ್ನು ಸ್ಮಾರ್ಟ್ ಸಿಟಿ ಹಣದಲ್ಲಿ ಸುಧಾರಿಸುವ ಪ್ರಸ್ತಾವ ಬಂದಾಗ ಆದದ್ದೂ ಅದೇ. ವಾದ ಧರ್ಮದ ದಿಕ್ಕಿಗೆ ತಿರುಗಿತು, ಅಲ್ಲಿನ ತ್ಯಾಜ್ಯನೀರು ಶುದ್ಧವಾಗಿ ಹೊರಬೀಳಬೇಕೆಂಬ ಪ್ರಶ್ನೆ ಹಿಂದೆ ಸರಿಯಿತು. ಆದರೆ ಇದರಿಂದ ಕಲಿಯಬೇಕಾದದ್ದು ಮೌನವನ್ನಲ್ಲ. ಯಾರ ಬಾವಿಯಲ್ಲಿ ಎಷ್ಟು ಇ. ಕೋಲಿ ಇದೆ ಎಂಬ ನಕ್ಷೆಗೆ ಜಾತಿ ಧರ್ಮ ಗೊತ್ತಿಲ್ಲ. ಎಲ್ಲ ಸಮುದಾಯದ ಬಾವಿಗಳೂ, ಎಲ್ಲ ಸಮುದಾಯದ ಹಿರಿಯರ ಮಾತೂ ಒಂದೇ ದಾಖಲೆಯಲ್ಲಿದ್ದರೆ ಯಾರೊಬ್ಬರೂ ಅದನ್ನು ತಮ್ಮದು ಮಾತ್ರ ಎನ್ನಲಾಗದು, ಇನ್ನೊಬ್ಬರದು ಎಂದು ತಳ್ಳಲೂ ಆಗದು. ಮನೆ ಹಳೆಯದು ಎಂದು ದಾಖಲಾದರೆ ನಾಳೆ ಮಾರಲು, ಕಟ್ಟಲು ತೊಂದರೆ ಎಂಬ ಭಯವೂ ಕೆಲವರಿಗಿರುತ್ತದೆ. ಸ್ಮಾರಕವೆಂದು ಘೋಷಿಸುವುದು ಸರ್ಕಾರದ ಪ್ರತ್ಯೇಕ ಪ್ರಕ್ರಿಯೆ, ಅದಕ್ಕೆ ಅಧಿಸೂಚನೆ ಬೇಕು. ಚಿತ್ರ ತೆಗೆದು ನೆನಪು ಬರೆದಿಟ್ಟ ಮಾತ್ರಕ್ಕೆ ಯಾವ ನಿರ್ಬಂಧವೂ ಬರುವುದಿಲ್ಲ. ಹೀಗಿದ್ದೂ ಮಾಲೀಕರ ಲಿಖಿತ ಒಪ್ಪಿಗೆ ಪಡೆಯಿರಿ; ಬಾವಿಯ ವರದಿಯಲ್ಲಿ ಮನೆಯ ಹೆಸರು ಬೇಡ, ಓಣಿ ಮತ್ತು ಸಂಖ್ಯೆ ಸಾಕು.

ಮೂರನೆಯದು ತಡವಾಗುತ್ತದೆ ಎಂಬ ಮಾತು. ಒಂದು ವರ್ಷ ದಾಖಲೆಗೇ ಹೋದರೆ ಅಷ್ಟರಲ್ಲಿ ಯೋಜನೆಯ ಅವಧಿ ಮುಗಿದೀತು ನಿಜ. ಆದರೆ ದಾಖಲೆಯಿಲ್ಲದ ಪ್ರಸ್ತಾವ ವೇಗವಾಗಿ ಹೋಗುತ್ತದೆಯೇ? ಉಬ್ಬರವಿಳಿತವಿರುವ ಫಲ್ಗುಣಿಯ ದಡ ಕರಾವಳಿ ನಿಯಂತ್ರಣ ವಲಯದ ನಿಯಮಕ್ಕೆ ಒಳಪಟ್ಟದ್ದು. ಆ ನಿಯಮದಡಿ ಬೇಕಾಗುವ ಅನುಮತಿಯನ್ನು ಮೊದಲೇ ವಿಚಾರಿಸದ ಕಾಮಗಾರಿ ಅರ್ಧದಲ್ಲಿ ನಿಂತರೆ ಉಳಿಸಿದ ಒಂದು ವರ್ಷ ಎರಡಾಗಿ ಹೋಗುತ್ತದೆ. ಅಲ್ಲದೆ ದಾಖಲೆ ಮಾಡುವ ವರ್ಷದಲ್ಲೇ ಅಕಾಡೆಮಿಯ ಸಣ್ಣ ನೆರವು, ಕಾಲೇಜಿನ ಸಹಯೋಗ, ವಾರ್ಡಿನ ಚರಂಡಿ ರಿಪೇರಿಯಂಥ ಚಿಕ್ಕ ಕೆಲಸಗಳನ್ನು ಮುಗಿಸಿ ಲೆಕ್ಕಪತ್ರ ಒಪ್ಪಿಸಬಹುದು. ಸಣ್ಣ ಮೊತ್ತದ ಹಣಬಳಕೆ ಪ್ರಮಾಣಪತ್ರ ಸರಿಯಾದ ಸಮಯಕ್ಕೆ ಕೊಟ್ಟ ಸಂಘದ ಹೆಸರು ಕಚೇರಿಯಲ್ಲಿ ನೆನಪುಳಿಯುತ್ತದೆ.

ಕೆಲಸದ ವರ್ಷವನ್ನು ಹೀಗೆ ಹಂಚಿಕೊಳ್ಳಬಹುದು. ಬೇಸಗೆಯಲ್ಲಿ ಕನಿಷ್ಠ ಏಳು ಸದಸ್ಯರೊಂದಿಗೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘದ ನೋಂದಣಿ, ಪಹಣಿ ಮತ್ತು ನಕ್ಷೆಗಳ ಸಂಗ್ರಹ, ಮೇ ತಿಂಗಳ ಮೊದಲ ನೀರಿನ ಮಾದರಿ. ಮಳೆಗಾಲದಲ್ಲಿ ಎರಡನೆಯ ಮಾದರಿ, ಎಲ್ಲೆಲ್ಲಿ ನೀರು ನಿಲ್ಲುತ್ತದೆ, ಯಾವ ಮ್ಯಾನ್‌ಹೋಲ್ ಉಕ್ಕುತ್ತದೆ ಎಂಬ ದಿನಾಂಕ ಸಹಿತ ಚಿತ್ರಗಳು. ಹೊರಗೆ ಹೋಗಲಾಗದ ದಿನಗಳಲ್ಲಿ ಹಿರಿಯರ ಮಾತಿನ ಧ್ವನಿಮುದ್ರಣ. ನವೆಂಬರಿನಲ್ಲಿ ಮೂರನೆಯ ಮಾದರಿ ಮುಗಿಸಿ, ನಕ್ಷೆ, ಮೂರು ವರದಿ, ಕೇಳುವ ಕೆಲಸ, ನಿಮ್ಮ ಪಾಲು ಇಷ್ಟನ್ನು ನಾಲ್ಕು ಪುಟಕ್ಕೆ ಮೀರದಂತೆ ಬರೆದಿಡಿ. ಪಾಲಿಕೆಯ ಬಜೆಟ್ ಪೂರ್ವ ಸಭೆಗಳು ನಡೆಯುವ ಚಳಿಗಾಲದಲ್ಲಿ ಅದನ್ನು ವಾರ್ಡ್ ಸಮಿತಿಗೆ ಮತ್ತು ಕಾರ್ಪೊರೇಟರಿಗೆ, ಚುನಾಯಿತ ಪರಿಷತ್ತು ಇಲ್ಲದ ಅವಧಿಯಾದರೆ ಆಡಳಿತಾಧಿಕಾರಿಗೆ ಮತ್ತು ಆಯುಕ್ತರಿಗೆ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡ ಪ್ರತಿಯನ್ನು ಜೋಪಾನ ಮಾಡಿ. ಒಂದು ಸಲಕ್ಕೆ ಒಂದೇ ಕೆಲಸ ಕೇಳಿ: ಈ ವರ್ಷ ಇಂಥ ಓಣಿಯ ಕೊಳವೆ, ಮುಂದಿನ ವರ್ಷ ಇಂಥ ತೋಡು. ಆ ಒಂದು ಕೆಲಸ ಮುಗಿದ ಮೇಲೆ ಅದೇ ಬಾವಿಗಳ ನೀರನ್ನು ಮತ್ತೆ ಪರೀಕ್ಷಿಸಿ, ಇಳಿದ ಅಂಕಿಯನ್ನೋ ಇಳಿಯದ ಅಂಕಿಯನ್ನೋ ಅದೇ ಕಚೇರಿಗೆ ಬರೆದು ತಿಳಿಸಿ. ಎರಡನೆಯ ಅರ್ಜಿಗೆ ಅದಕ್ಕಿಂತ ಬಲವಾದ ಶಿಫಾರಸು ಬೇಕಾಗುವುದಿಲ್ಲ.